ಕಣ್ಣು ಕೇಳುವ ನಾದ

ಕಳೆದ ಮಳೆಗಾಲದಲ್ಲಿ ನನಗೊಂದು ಕಾಗದ ಬಂದಿತು. ಬರೆದವರು ನಿವೃತ್ತ ಶಾಲಾ ಉಪಾಧ್ಯಾಯಿನಿ, 70ನ್ನು ದಾಟಿದವರು. ಅದಕ್ಕೆ ಎರಡು ವರ್ಷ ಮೊದಲು, ನಾನು ಬರೆಯುತ್ತಿದ್ದ ಸಂಗೀತದ ಅಂಕಣದಲ್ಲಿ, ಮನೆಯಲ್ಲಿ ಒಬ್ಬರೇ ಕುಳಿತು ಕಛೇರಿ ಕೇಳುವವರಿಗೆ ತಕ್ಕದ್ದೆಂದು ಒಂದು ವಿದೇಶೀ ಹೆಡ್‌ಫೋನನ್ನು ಹೊಗಳಿದ್ದೆ. ಸಾಧಾರಣವಾದ ಹೊಗಳಿಕೆಯಲ್ಲ ಅದು. ತಂಬೂರಿಯ ಜೀವಾಳಿಯ ಎಳೆ ಗಾಯಕನ ಕಂಠದಿಂದ ಬೇರ್ಪಟ್ಟು, ಮುಂಜಾವಿನ ಹುಲ್ಲಿನ ಮೇಲಿನ ಹನಿಯಂತೆ ಮಿನುಗುತ್ತದೆ ಎಂದು ಬರೆದಿದ್ದೆ. ಆ ವಾಕ್ಯ ನನಗೆ ಬಹಳ ಹಿಡಿಸಿತ್ತು. ಅದನ್ನು ನಂಬಿ ಆ ತಾಯಿ ತಮ್ಮ ಉಳಿತಾಯದಿಂದ 48,000 ರೂಪಾಯಿ ತೆಗೆದು ಹೆಡ್‌ಫೋನನ್ನು ಕೊಂಡರು. ಕಾಗದದಲ್ಲಿ ದೂರೇನೂ ಇರಲಿಲ್ಲ. ನಾನು ಹೇಳಿದ ಹನಿ ತಮಗೆ ಕಾಣಲಿಲ್ಲವೆಂದೂ, ದೋಷ ತಮ್ಮ ಕಿವಿಯದೇ ಇರಬೇಕೆಂದು ವೈದ್ಯರಲ್ಲಿಗೆ ಹೋಗಿಬಂದೆನೆಂದೂ, ಅವರು ಎಲ್ಲವೂ ವಯಸ್ಸಿಗೆ ತಕ್ಕಂತೆಯೇ ಇದೆ ಎಂದರೆಂದೂ ಬರೆದಿದ್ದರು. "ಹೇಗೆ ಕೇಳಬೇಕೆಂಬುದನ್ನು ದಯವಿಟ್ಟು ತಿಳಿಸಿಕೊಡಿ" ಎಂದು ಕೊನೆಯಲ್ಲಿ ಕೇಳಿಕೊಂಡಿದ್ದರು.

ಇದಕ್ಕೆ ಉತ್ತರ ಬರೆಯಲು ನನಗೆ ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳಲ್ಲಿ ಏನಾಯಿತೆಂಬುದನ್ನು ಕೇಳುಗರ ಮುಂದೆ ಹೇಳಿಕೊಳ್ಳಬೇಕೆಂದು ಇಂದು ಈ ಮೈಕಿನ ಮುಂದೆ ಕುಳಿತಿದ್ದೇನೆ.

ಹೆಡ್‌ಫೋನು ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ. ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ, ನಿಸ್ತಂತು ಸುದ್ದಿಗೆ ಕಿವಿಗೊಟ್ಟ ಹಡಗುಗಳಲ್ಲಿ ಅದರ ಬಾಲ್ಯ ಕಳೆಯಿತು. 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್ವಿನ್ ಎಂಬಾತ ತಯಾರಿಸಿದ ಜೋಡಿಯನ್ನು ಆ ದೇಶದ ನೌಕಾಪಡೆ ಕೊಂಡುಕೊಂಡಿತು. 1958ರಲ್ಲಿ ಜಾನ್ ಕಾಸ್ ಸ್ಟೀರಿಯೊ ಸಂಗೀತಕ್ಕೆಂದೇ ಒಂದನ್ನು ಹೊರತಂದ. 1979ರಲ್ಲಿ ಸೋನಿ ಕಂಪನಿಯ ವಾಕ್‌ಮನ್ ಅದನ್ನು ಬೀದಿಗಿಳಿಸಿತು. ಆಮೇಲೆ ಅದು ಅಲಂಕಾರವೂ ಆಯಿತು. ಗಾಯಕ, ನಿರ್ಮಾಪಕ ಡಾಕ್ಟರ್ ಡ್ರೆ ಅವರ ಹೆಸರಿನ ಬೀಟ್ಸ್ ಹೆಡ್‌ಫೋನುಗಳು ಮಾರುಕಟ್ಟೆಗೆ ಬಂದದ್ದು 2008ರಲ್ಲಿ. 2014ರಲ್ಲಿ ಆಪಲ್ ಸಂಸ್ಥೆ ಆ ಕಂಪನಿಯನ್ನು 300 ಕೋಟಿ ಡಾಲರಿಗೆ ಕೊಂಡಿತು. ಅದರಲ್ಲಿ ಇರುವುದೆಲ್ಲ ಬರಿಯ ಮಂದ್ರದ ಅಬ್ಬರ, ಹೆಸರಿಗೆ ಕೊಟ್ಟ ಹಣ ಎಂದು ಆಡಿಯೊ ರಸಿಕರು ಮೂಗು ಮುರಿದರು. ನಾನೂ ಮುರಿದವನೇ. ಅತಿಯಾಗಿ ಹೊಗಳಿಸಿಕೊಂಡದ್ದು ಯಾವಾಗಲೂ ಇನ್ನೊಬ್ಬರ ಕಿವಿಯ ಮೇಲೆ ಕುಳಿತಿರುತ್ತದೆ.

ಈ ರಸಿಕರ ಭಾಷೆಯನ್ನು ನೀವು ಕೇಳಬೇಕು. ಒಂದು ದನಿ 'ಬೆಚ್ಚಗಿದೆ', ಇನ್ನೊಂದು 'ಒಣಕಲು'. ಮಂದ್ರ 'ಬಿಗಿ', ತಾರದಲ್ಲಿ 'ಗಾಳಿ ಆಡುತ್ತದೆ'. 'ಪರದೆ ಸರಿಸಿದಂತಾಯಿತು' ಎಂಬುದಂತೂ ಎಲ್ಲರ ಬಾಯಲ್ಲೂ ಇರುವ ಮಾತು. ಪ್ರತಿವರ್ಷವೂ ಹೊಸ ಹೆಡ್‌ಫೋನು ಒಂದು ಪರದೆಯನ್ನು ಸರಿಸುತ್ತದೆ, ಮುಂದಿನ ವರ್ಷಕ್ಕೆ ಅಲ್ಲಿ ಇನ್ನೊಂದು ಪರದೆ ಇದ್ದೇ ಇರುತ್ತದೆ. ನಾನು ಈ ಭಾಷೆಯನ್ನು ಹಾಸ್ಯ ಮಾಡುತ್ತಿಲ್ಲ. ನಾದಕ್ಕೆ ಸ್ವಂತ ಶಬ್ದಕೋಶವಿಲ್ಲ. ಚರ್ಮದಿಂದ, ನಾಲಗೆಯಿಂದ, ಕಣ್ಣಿನಿಂದ ಅದು ಸಾಲ ತರಲೇಬೇಕು. ತೊಂದರೆಯೆಂದರೆ, ಸಾಲ ತಂದ ಮಾತಿನ ಹಿಂದೆಯೇ ಕಣ್ಣೂ ಬಂದು ಕೂರುತ್ತದೆ.

ನನಗೊಬ್ಬ ಸ್ನೇಹಿತರಿದ್ದಾರೆ, ನಿವೃತ್ತ ಇಂಜಿನಿಯರು. ಕಾಗದವನ್ನು ಅವರಿಗೆ ತೋರಿಸಿದೆ. ಅವರು ಓದಿ, "ಹೆಡ್‌ಫೋನನ್ನು ಅಳೆಯಬಹುದಲ್ಲ, ವರ್ಣಿಸುವುದೇಕೆ?" ಎಂದರು. ಅಳೆಯಬಹುದೆಂಬುದು ನಿಜ, ಆದರೆ ಅಳೆದುದನ್ನು ಯಾವುದಕ್ಕೆ ಹೋಲಿಸಬೇಕು ಎಂಬಲ್ಲಿಯೇ ತೊಡಕು. ಸಭೆಯಲ್ಲಿ ಕುಳಿತಾಗ ವೀಣೆಯ ನಾದ ನಮ್ಮ ಹೆಗಲು, ತಲೆ, ಹಾಲೆಕಿವಿಯ ಮಡಿಕೆಗಳನ್ನು ಸವರಿಕೊಂಡು ಒಳಗೆ ಬರುತ್ತದೆ. ಕಿವಿಯ ನಾಳ ಎಂಬುದು ಒಂದು ಕಡೆ ಮುಚ್ಚಿದ, ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕೊಳಲು. 3000 ಹರ್ಟ್ಸ್ ಆಸುಪಾಸಿನ ಸ್ವರಗಳನ್ನು ಅದು ತಾನಾಗಿಯೇ ಎತ್ತಿ ಹಿಡಿಯುತ್ತದೆ. ಹೀಗೆ ದೇಹವೇ ತಿದ್ದಿದ ನಾದವನ್ನು ನಾವು ಹುಟ್ಟಿದಂದಿನಿಂದ ಸಹಜವೆಂದು ತಿಳಿದಿದ್ದೇವೆ. ಹೆಡ್‌ಫೋನಾದರೋ ಈ ದಾರಿಯನ್ನೆಲ್ಲ ಬಿಟ್ಟು ನೇರವಾಗಿ ಕಿವಿಯ ಬಾಗಿಲಲ್ಲಿ ನಿಂತು ಹಾಡುತ್ತದೆ. ಆದ್ದರಿಂದ ದೇಹ ಸೇರಿಸಬೇಕಾಗಿದ್ದುದನ್ನು ಅದರ ತಯಾರಕನೇ ಮೊದಲೇ ಸೇರಿಸಿಡಬೇಕು. ಎಲ್ಲ ಸ್ವರಗಳನ್ನೂ ಒಂದೇ ಮಟ್ಟದಲ್ಲಿ ಕಿವಿಗೆ ಮುಟ್ಟಿಸುವ ಹೆಡ್‌ಫೋನು ಕೇಳುವುದಕ್ಕೆ ಕಳೆಗುಂದಿರುತ್ತದೆ. ಎಷ್ಟು ಸೇರಿಸಬೇಕೆಂಬುದರಲ್ಲಿ ತಯಾರಕರಿಗೆ ಒಮ್ಮತವಿರಲಿಲ್ಲ. ಒಬ್ಬೊಬ್ಬರು ಒಂದೊಂದು ಪಾಕ ಹಿಡಿದರು; ಪ್ರತಿ ಪಾಕಕ್ಕೂ ಒಂದು ಭಕ್ತಮಂಡಲಿ ಹುಟ್ಟಿತು.

ಸುಮಾರು 2012ರಿಂದ ಅಮೆರಿಕದ ಹಾರ್ಮನ್ ಸಂಸ್ಥೆಯಲ್ಲಿ ಷಾನ್ ಆಲಿವ್, ಟಾಡ್ ವೆಲ್ಟಿ ಮೊದಲಾದವರು ಈ ಪಾಕವನ್ನು ಪರೀಕ್ಷೆಗೆ ಹಚ್ಚಿದರು. ಹೆಡ್‌ಫೋನನ್ನು ಕೇಳುಗನಿಗೆ ಗೊತ್ತಾಗದಂತೆ ಪರೀಕ್ಷಿಸುವುದು ಸುಲಭವಲ್ಲ. ಸ್ಪೀಕರನ್ನಾದರೆ ಪರದೆಯ ಹಿಂದೆ ಇಡಬಹುದು. ಹೆಡ್‌ಫೋನು ತನ್ನ ತೂಕದಿಂದ, ಮೆತ್ತೆಯ ಸ್ಪರ್ಶದಿಂದ ತನ್ನ ಗುರುತನ್ನು ಹೇಳಿಬಿಡುತ್ತದೆ. ಅದಕ್ಕೆ ಅವರು ಕಂಡುಕೊಂಡ ಉಪಾಯ ಸೊಗಸಾದುದು. ತಲೆಯ ಮೇಲೆ ಒಂದೇ ಹೆಡ್‌ಫೋನನ್ನಿಟ್ಟು, ಬೇರೆಬೇರೆ ಹೆಡ್‌ಫೋನುಗಳ ಸ್ವರಲಕ್ಷಣಗಳನ್ನು ಅದರಿಂದಲೇ ಅನುಕರಿಸಿ ಕೇಳಿಸಿದರು. ಒಬ್ಬನೇ ನಟ ಹತ್ತು ವೇಷ ಹಾಕಿದಂತೆ. ಅಮೆರಿಕ, ಕೆನಡಾ, ಜರ್ಮನಿ, ಚೀನಾಗಳ 238 ಕೇಳುಗರನ್ನು ಕೂರಿಸಿ ನಡೆಸಿದ ಪ್ರಯೋಗದ ವರದಿ 2014ರಲ್ಲಿ ಬಂದಿತು. ದೇಶ ಬೇರೆ, ಅನುಭವ ಬೇರೆ. ಆದರೂ ಬಹುಪಾಲು ಜನರ ಒಲವು ಒಂದೇ ಕಡೆ ಹೊರಳಿತು: ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರು ಕೇಳಿಸುವ ಹಾಗೆ ಕೇಳಿಸುವ ಹೆಡ್‌ಫೋನಿನ ಕಡೆ. ವಯಸ್ಸಾದವರು ಮಾತ್ರ ಮಂದ್ರ ತುಸು ಕಡಿಮೆ, ತಾರ ತುಸು ಹೆಚ್ಚು ಇರಲೆಂದು ಬಯಸಿದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಸ್ವರಲಕ್ಷಣವನ್ನು ಅವುಗಳ ಬೆಲೆಯ ಪಕ್ಕದಲ್ಲಿಟ್ಟು ನೋಡಿದರು. ಎರಡಕ್ಕೂ ಸಂಬಂಧವೇ ಕಾಣಲಿಲ್ಲ. ಬೆಲೆ ಏರಿದಂತೆ ನಾದ ಕೆಡುತ್ತದೆ ಎಂದೇನೂ ಇದರ ಅರ್ಥವಲ್ಲ. ಬೆಲೆ ನಾದದ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂದಷ್ಟೇ. ಇದನ್ನು ಓದಿದ ರಾತ್ರಿ ನನಗೆ ಆ 48,000 ರೂಪಾಯಿ ಮತ್ತೆಮತ್ತೆ ಕಣ್ಣಿಗೆ ಕಟ್ಟಿತು.

ಕಣ್ಣು ಕಿವಿಯನ್ನು ಎಷ್ಟರಮಟ್ಟಿಗೆ ಆಳುತ್ತದೆ ಎಂಬುದಕ್ಕೆ ಇನ್ನೊಂದು ಪ್ರಯೋಗವಿದೆ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಇದೇ ಆಲಿವ್ ಅವರು ತಮ್ಮ ಸಂಸ್ಥೆಯ 40 ಮಂದಿಗೆ ನಾಲ್ಕು ಸ್ಪೀಕರುಗಳನ್ನು ಕೇಳಿಸಿದರು. ಒಮ್ಮೆ ಪರದೆ ಸರಿಸಿ, ಒಮ್ಮೆ ಪರದೆ ಎಳೆದು. ಕಾಣಿಸಿದಾಗ ದೊಡ್ಡದಕ್ಕೆ, ದುಬಾರಿಯದಕ್ಕೆ ಅಂಕ ಏರಿತು. ಕಾಣದಿದ್ದಾಗ ಆ ಅಂತರ ಕರಗಿಹೋಯಿತು. ಕೇಳಿದವರು ಅದೇ ಉದ್ಯಮದವರೇ ಎಂಬುದನ್ನು ಗಮನಿಸಬೇಕು.

ಇನ್ನೂ ಹಿಂದಕ್ಕೆ ಹೋದರೆ ಎಡಿಸನ್ನರ ಕಥೆಯಿದೆ. 1915ರಿಂದ ಸುಮಾರು ಹತ್ತು ವರ್ಷ ಅವರ ಕಂಪನಿ ಊರೂರುಗಳಲ್ಲಿ ಒಂದು ಪ್ರದರ್ಶನ ನಡೆಸಿತು. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಫೋನೋಗ್ರಾಫ್. ದೀಪ ಆರಿಸಿ, ಹಾಡುತ್ತಿರುವುದು ಮನುಷ್ಯಳೋ ಯಂತ್ರವೋ ಹೇಳಿ ಎಂದು ಕೇಳುತ್ತಿದ್ದರು. ಹೇಳಲಾಗಲಿಲ್ಲವೆಂದು ಜನ ಬೆರಗಾದರು. ಮೈಕಿಲ್ಲದೆ, ತಗಡಿನ ಕಹಳೆಗೆ ಹಾಡಿ ಮುದ್ರಿಸಿದ ಆ ರಿಕಾರ್ಡುಗಳನ್ನು ಈಗ ಕೇಳಿದರೆ ನಗು ಬರುತ್ತದೆ. ಆ ಗಾಯಕಿಯರಲ್ಲಿ ಒಬ್ಬರಾದ ಆನಾ ಕೇಸ್, ತಾವು ಯಂತ್ರದ ದನಿಗೆ ಹೊಂದುವಂತೆ ಕಂಠವನ್ನು ತಗ್ಗಿಸಿ ಹಾಡುತ್ತಿದ್ದುದನ್ನು ಮುಪ್ಪಿನಲ್ಲಿ ಒಪ್ಪಿಕೊಂಡರು. ಇಲ್ಲಿ ಕತ್ತಲೆಯೂ ಸತ್ಯವನ್ನು ಹೊರತರಲಿಲ್ಲ ನೋಡಿ. ನಂಬಲು ಬಂದವರು ಕತ್ತಲೆಯಲ್ಲೂ ನಂಬುತ್ತಾರೆ.

ಕೊನೆಗೆ ಸ್ನೇಹಿತರ ಮನೆಯಲ್ಲಿ ನಾವೇ ಒಂದು ಪರೀಕ್ಷೆ ಇಟ್ಟುಕೊಂಡೆವು. ಒಂದು ಕಡೆ ನಾನು ಹೊಗಳಿದ ಹೆಡ್‌ಫೋನು. ಇನ್ನೊಂದು ಕಡೆ 2,200 ರೂಪಾಯಿಯ ಒಂದು. ಇದನ್ನು ನಾನು ಅದೇ ಅಂಕಣದಲ್ಲಿ 'ಡಬ್ಬದ ದನಿ' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೆ. ಸ್ನೇಹಿತರು ಮೊದಲು ಮೀಟರು ಹಿಡಿದು ಎರಡರ ಗಟ್ಟಿತನವನ್ನು ಅಳೆದರು. ಗುಂಡಿ ಒಂದೇ ಕಡೆ ಇದ್ದಾಗ ದುಬಾರಿಯದು 4 ಡೆಸಿಬಲ್ ಹೆಚ್ಚು ಗಟ್ಟಿ! ಇದು ಸಣ್ಣ ವಿಷಯವಲ್ಲ. ಸದ್ದು ಏರಿದಂತೆ ಮಂದ್ರವನ್ನು ನಮ್ಮ ಕಿವಿ ಇನ್ನಷ್ಟು ತುಂಬಾಗಿ ಗ್ರಹಿಸುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ತೋರಿಸಿದ್ದಾರೆ. ತುಸು ಗಟ್ಟಿಯಾದದ್ದು ನಮಗೆ ಗಟ್ಟಿಯಾಗಿ ಕೇಳಿಸುವುದಿಲ್ಲ, ಉತ್ತಮವಾಗಿ ಕೇಳಿಸುತ್ತದೆ. ಎರಡನ್ನೂ ಸಮಮಾಡಿದ ಮೇಲೆ ನನ್ನ ಕಣ್ಣಿಗೆ ಬಟ್ಟೆ ಕಟ್ಟಿದರು. ಹಳೆಯ ಪಂಚೆಯ ತೆಳುವಾದ ತುಂಡುಗಳನ್ನು ಎರಡರ ಮೆತ್ತೆಗೂ ಹೊದಿಸಿದರು. ನನ್ನ ಮೊಮ್ಮಗಳು ಹಿಂದೆ ನಿಂತು, ಭಾರ ನನಗೆ ತಾಗದಂತೆ ಕೈಯಲ್ಲೇ ಹಿಡಿದು, ನಾಣ್ಯ ಚಿಮ್ಮಿ ಬಂದಂತೆ ಒಂದೊಂದನ್ನು ನನ್ನ ಕಿವಿಗೆ ಒತ್ತಿದಳು. ಪ್ರಯೋಗಾಲಯದವರು ಇದನ್ನು ಕಂಡರೆ ಮೆಚ್ಚಲಾರರು. ಆದರೂ ನಮ್ಮ ಅಳವಿಗೆ ಅದು ಪ್ರಾಮಾಣಿಕವಾಗಿತ್ತು.

ತೋಡಿಯ ಒಂದು ಆಲಾಪನೆಯ ಅದೇ ತುಣುಕನ್ನು ಹದಿನಾರು ಸಲ ಕೇಳಿದೆ. ಎರಡೂ ಬೇರೆಬೇರೆ ಎಂಬುದು ನನಗೆ ತಪ್ಪದೆ ತಿಳಿಯುತ್ತಿತ್ತು. ಹೆಡ್‌ಫೋನುಗಳಲ್ಲಿ ಭೇದವೇ ಇಲ್ಲವೆಂದು ಯಾರೂ ತಿಳಿಯಬಾರದು. ಸಭೆಯ ನಾದಕ್ಕೆ ಹತ್ತಿರವಾದದ್ದು ಯಾವುದು ಎಂದು ಪ್ರತಿಸಲವೂ ಹೇಳಬೇಕಾಗಿತ್ತು. ಹೇಳುತ್ತ ಹೋದೆ. ಅದು ದುಬಾರಿಯದೇ ಎಂಬ ಧೈರ್ಯ ನನ್ನ ದನಿಯಲ್ಲಿ ಇದ್ದಿರಬೇಕು. ಬಟ್ಟೆ ಬಿಚ್ಚಿದಾಗ ಮೊಮ್ಮಗಳು ತನ್ನ ಗಣಿತದ ಪುಸ್ತಕದ ಹಿಂದಿನ ಹಾಳೆಯನ್ನು ಮುಂದೆ ಹಿಡಿದಳು. ಹದಿನಾರರಲ್ಲಿ ಹನ್ನೆರಡು ಸಲ ನಾನು ಆರಿಸಿದ್ದು ಡಬ್ಬದ ದನಿಯನ್ನು.

ಸ್ನೇಹಿತರು ಮನಸಾರೆ ನಕ್ಕರು. ಆಮೇಲೆ ಅವರ ಸರದಿ. ಅವರ ಬಳಿ 20,000 ರೂಪಾಯಿಯ ಬೆಳ್ಳಿ ತಂತಿಯ ಕೇಬಲ್ ಒಂದಿತ್ತು. ಅದರ ಮೃದುತ್ವವನ್ನು ಅವರು ಐದು ವರ್ಷದಿಂದ ಕೊಂಡಾಡುತ್ತ ಬಂದಿದ್ದರು. ಸಾಧಾರಣ ತಾಮ್ರದ ಕೇಬಲಿನೊಡನೆ ಬದಲಾಯಿಸುತ್ತ ಹದಿನಾರು ಸಲ ಕೇಳಿಸಿದೆವು. ಏಳು ಸಲ ಸರಿಯಾಗಿ ಹೇಳಿದರು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಆಗುತ್ತಿತ್ತು. ಮರುದಿನ ಫೋನ್ ಮಾಡಿ, ನಿನ್ನೆ ವಿದ್ಯುತ್ತಿನ ಒತ್ತಡ ಸರಿಯಿರಲಿಲ್ಲವೆಂದರು.

ಅಂದು ಹೊರಡುವ ಮುನ್ನ ಮೊಮ್ಮಗಳು ಫೋನಿನಲ್ಲಿ ಒಂದು ಆಟ ತೋರಿಸಿದಳು. ಶುದ್ಧ ಸ್ವರವೊಂದು ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಗುತ್ತದೆ. ಕೇಳಿಸದಾದಾಗ ಕೈ ಎತ್ತಬೇಕು. 9000 ಹರ್ಟ್ಸ್ ದಾಟುವ ಮೊದಲೇ ನಾನು ಕೈ ಎತ್ತಿದೆ. ಅವಳು ಹುಬ್ಬು ಗಂಟಿಕ್ಕಿ ಇನ್ನೂ ಕೇಳುತ್ತಲೇ ಇದ್ದಳು. 12,000ದಲ್ಲಿ ನನ್ನ ಪಾಲಿಗೆ ಕೋಣೆ ಪೂರ್ತಿ ನಿಶ್ಶಬ್ದ. ಅವಳು, "ಅಬ್ಬ, ಎಷ್ಟು ಚುಚ್ಚುತ್ತೆ ತಾತ" ಎಂದು ಕಿವಿ ಮುಚ್ಚಿಕೊಂಡಳು. ವಯಸ್ಸು ಮೊದಲು ಕದಿಯುವುದು ತಾರವನ್ನೇ. ರಸಿಕರು 'ಗಾಳಿ' ಎನ್ನುವುದು ಬಹುಮಟ್ಟಿಗೆ 10,000ದ ಮೇಲಿನ ಪ್ರದೇಶ. ಹತ್ತು ವರ್ಷಗಳಿಂದ ನಾನು ಆ ಗಾಳಿಯನ್ನು ಹೊಗಳುತ್ತ ಬಂದಿದ್ದೇನೆ! ತಾರ ಚೂರು ಹೆಚ್ಚಿರಲೆಂದ ಆ ವಯಸ್ಸಾದ ಕೇಳುಗರ ನೆನಪಾಯಿತು. ಪಿಯಾನೊದ ಕಟ್ಟಕಡೆಯ ಸ್ವರ 4186 ಹರ್ಟ್ಸ್. ಸಂಗೀತದ ದೇಹವೆಲ್ಲ ಅದರ ಕೆಳಗೇ ಇದೆ ಎಂದು ಸಮಾಧಾನ ತಂದುಕೊಂಡೆ. ಬಾಲ್ಯದಲ್ಲಿ ಮೀಡಿಯಂ ವೇವಿನ ಸಣ್ಣ ಪೆಟ್ಟಿಗೆಯಿಂದ, ತಾರವೆಲ್ಲ ಕತ್ತರಿಸಿಹೋದ ಕಛೇರಿಗಳನ್ನು ಕೇಳಿ ಕಣ್ಣೀರು ಹಾಕಿದವನಲ್ಲವೇ ನಾನು?

ಆದರೆ ನನ್ನ ನಿದ್ದೆ ಕೆಡಿಸಿದ್ದು ಹೆಡ್‌ಫೋನಲ್ಲ. ಮೂವತ್ತು ವರ್ಷ ನಾನು ಕಛೇರಿಗಳ ವಿಮರ್ಶೆ ಬರೆದಿದ್ದೇನೆ. ಬಿರುದು ಪಡೆದವರಿಗೆ ಎರಡು ಕಾಲಂ, ಮಧ್ಯಾಹ್ನ ಮೂರು ಗಂಟೆಗೆ ಹಾಡಿದ ಹೊಸ ಹುಡುಗಿಗೆ ನಾಲ್ಕು ಸಾಲು. ಆ ನಾಲ್ಕು ಸಾಲುಗಳಲ್ಲಿ 'ಭರವಸೆ ಮೂಡಿಸುತ್ತಾರೆ' ಎಂಬ ಮಾತು ಕಡ್ಡಾಯ. ಆಗ ನನ್ನ ಕಣ್ಣಿಗೆ ಯಾರೂ ಬಟ್ಟೆ ಕಟ್ಟಿರಲಿಲ್ಲ. ಹಳೆಯ ಕತ್ತರಿಕೆಗಳ ಕಡತವನ್ನು ತೆಗೆದು ಕುಳಿತೆ. ಐದಾರು ಹಾಳೆ ಓದಿ ಮತ್ತೆ ಕಟ್ಟಿಟ್ಟೆ.

ಆಮೇಲೆ ಆ ತಾಯಿಗೆ ಉತ್ತರ ಬರೆದೆ. ನಡೆದುದೆಲ್ಲವನ್ನೂ ಬರೆದೆ. ಅವರ ಕಿವಿಯಲ್ಲಿ ದೋಷವಿಲ್ಲವೆಂದೂ, ಆ ಹೆಡ್‌ಫೋನನ್ನು ಅವರು ಕೊಟ್ಟ ಬೆಲೆಗೇ ನಾನು ಕೊಳ್ಳುವೆನೆಂದೂ ತಿಳಿಸಿ, ಜೊತೆಗೆ ಆ 2,200 ರೂಪಾಯಿಯದೊಂದನ್ನು ಅಂಚೆಯಲ್ಲಿ ಕಳಿಸಿದೆ. ಹದಿನೈದು ದಿನಗಳ ಮೇಲೆ ಕಾರ್ಡು ಬಂತು. ದುಬಾರಿಯದನ್ನು ಮಾರುವುದಿಲ್ಲವಂತೆ, ಬೆಳಿಗ್ಗೆ ಪಕ್ಕದ ಮನೆಯ ಮಿಕ್ಸಿಯ ಸದ್ದನ್ನು ಅದು ಚೆನ್ನಾಗಿ ತಡೆಯುತ್ತದಂತೆ. ನಾನು ಕಳಿಸಿದ್ದರಲ್ಲಿ ಮೃದಂಗದ ಎಡಗಡೆ ಹಿತವಾಗಿದೆಯಂತೆ. ಹನಿ ಮಾತ್ರ ಅದರಲ್ಲೂ ಕಾಣಲಿಲ್ಲವಂತೆ. ಕೆಳಗೆ ಒಂದು ಪ್ರಶ್ನೆ: "ನೀವು ಅದನ್ನು ಬರೆದಾಗ ನಿಮಗೆ ನಿಜವಾಗಿ ಕೇಳಿಸಿತ್ತೇ?"

ಕೇಳಿಸಿತ್ತು ಎಂದೇ ಬರೆದೆ. ಅದು ಸುಳ್ಳಲ್ಲ. ಹೊಸ ಪೆಟ್ಟಿಗೆಯನ್ನು ಬಿಚ್ಚಿ, ಮೆತ್ತೆಯನ್ನು ಸವರಿ, ದೀಪ ತಗ್ಗಿಸಿ ಕುಳಿತ ಆ ಸಂಜೆ ತಂಬೂರಿಯ ಎಳೆ ಬೇರೆಯಾಗಿ ನಿಂತು ಮಿನುಗಿದ್ದನ್ನು ನಾನು ಕೇಳಿದ್ದೆ. ಮೊನ್ನೆ ಅದೇ ಹೆಡ್‌ಫೋನಿನಲ್ಲಿ ಅದೇ ಕಛೇರಿಯನ್ನು ಮತ್ತೆ ಹಾಕಿಕೊಂಡೆ. ಈಗ ಕೇಳಿಸುತ್ತಿಲ್ಲ.