ಕೆಂಪು ಔಷಧಿಯೂ ಗುಂಡಿಗೆಯ ಚಿತ್ರವೂ

ದೇವದುರ್ಗದ ಕಡೆಯ ಒಬ್ಬ ತಾಯಿಯನ್ನು ನೆನೆಸಿಕೊಳ್ಳಿ. ವಯಸ್ಸು ನಲವತ್ತೆಂಟು ಎನ್ನೋಣ. ಆಕೆಗೆ ಎದೆಯಲ್ಲಿ ಗಂಟು ಕಾಣಿಸಿತು. ಸ್ವಲ್ಪ ತಡವಾದರೂ ಮನೆಯವರು ಗಬ್ಬೂರಿನ ದಾರಿಯಾಗಿ ರಾಯಚೂರಿಗೆ ಕರೆತಂದರು. ಪರೀಕ್ಷೆಯಲ್ಲಿ ಅದು ಕ್ಯಾನ್ಸರ್ ಎಂದು ತಿಳಿಯಿತು. ಶಸ್ತ್ರಕ್ರಿಯೆ ಆಯಿತು. ಆಮೇಲೆ ಮೂರು ವಾರಕ್ಕೊಮ್ಮೆ ದೂರದ ಊರಿಗೆ ಹೋಗಿ ಔಷಧಿ ಏರಿಸಿಕೊಂಡು ಬರುವುದು. ತಲೆಗೂದಲು ಉದುರಿತು, ಬಾಯಿ ಹುಣ್ಣಾಯಿತು, ಅನ್ನ ಸೇರದಾಯಿತು. ಇವೆಲ್ಲ ಆಗುವುದೆಂದು ಡಾಕ್ಟರು ಮೊದಲೇ ಹೇಳಿದ್ದರು, ಆದವು, ಹೋದವು. ಕೂದಲು ಮತ್ತೆ ಚಿಗುರಿತು. ಊರವರು ಗೆದ್ದು ಬಂದಳೆಂದರು. ಏಳೆಂಟು ತಿಂಗಳು ಕಳೆದ ಮೇಲೆ ಒಂದು ದಿನ, ಕೊಡ ಹೊತ್ತು ಮೆಟ್ಟಿಲು ಏರುವಾಗ ಆಕೆ ನಡುವೆ ನಿಂತುಬಿಟ್ಟಳು. "ಯಾಕವ್ವಾ, ನಿಂತಿ?" ಎಂದು ಮಗ ಕೇಳಿದ. "ದಮ್ಮು ಹತ್ತತದಪ್ಪ. ಆ ಕೆಂಪು ಔಷಧದ ಸುಸ್ತು ಇನ್ನಾ ಹೋಗಿಲ್ಲ ನೋಡು" ಎಂದಳು.

ಅದು ಬರಿಯ ಸುಸ್ತಾಗಿರಬಹುದು. ಆದರೆ ಗುಂಡಿಗೆಯ ಸ್ನಾಯುವಿನ ಬಲ ಕುಂದಿದ್ದರಿಂದ ಬಂದ ದಮ್ಮೂ ಆಗಿರಬಹುದು. ಎರಡೂ ಹೊರಗಿನಿಂದ ನೋಡಲು ಒಂದೇ. ತಾಯಿಯೂ ಮಗನೂ ಅದನ್ನು ಸುಸ್ತೆಂದು ತಿಳಿದರೆ ಅವರ ತಪ್ಪೇನೂ ಇಲ್ಲ. ಒಳಗಿನಿಂದ ನೋಡಿ ಇದು ಇಂಥದೇ ಎಂದು ಹೇಳುವ ಸಾಧನವೊಂದಿದೆ. ಈ ಹೊತ್ತು ಅದರ ವಿಚಾರವಾಗಿ ನಾಲ್ಕು ಮಾತು.

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ಈ ಭಾಷಣ ಕೇಳಿ ಯಾರೂ ಕ್ಯಾನ್ಸರಿನ ಔಷಧಿ ಬೇಡವೆನ್ನಬಾರದು. ಆ ಔಷಧಿಯಿಂದ ಬದುಕಿದವರು ಲಕ್ಷಗಟ್ಟಲೆ. ಗುಂಡಿಗೆಗೆ ಪೆಟ್ಟು ಬೀಳುವುದು ಕೆಲವರಿಗೆ. ಕ್ಯಾನ್ಸರನ್ನು ಹಾಗೆಯೇ ಬಿಟ್ಟರೆ ಏನಾಗುವುದೆಂಬುದು ಎಲ್ಲರಿಗೂ ಗೊತ್ತು.

ಕೆಂಪು ಔಷಧಿ ಎಂದೆನಲ್ಲ, ಅದರ ಹೆಸರು ಡಾಕ್ಸೋರೂಬಿಸಿನ್. ಎದೆಯ ಕ್ಯಾನ್ಸರಿಗೂ ರಕ್ತದ ಕೆಲವು ಕ್ಯಾನ್ಸರುಗಳಿಗೂ ಇದು ಹಳೆಯ, ನಂಬುಗೆಯ ಮದ್ದು. ಇದರ ಹುಟ್ಟಿನ ಕತೆ ಸ್ವಾರಸ್ಯವಾದುದು. 1950ರ ದಶಕದಲ್ಲಿ ಇಟಲಿಯ ಫಾರ್ಮಿಟಾಲಿಯಾ ಕಂಪನಿಯ ವಿಜ್ಞಾನಿಗಳು ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಔಷಧಿ ಹುಡುಕುತ್ತಿದ್ದರು. ಆ ದೇಶದ ದಕ್ಷಿಣದಲ್ಲಿ ಕ್ಯಾಸ್ಟೆಲ್ ಡೆಲ್ ಮೋಂಟೆ ಎಂಬ ಕೋಟೆಯುಂಟು. ನಮ್ಮ ರಾಯಚೂರಿನ ಕೋಟೆಯಂತೆ ಅದೂ ಹದಿಮೂರನೆಯ ಶತಮಾನದ್ದು. ಅದರ ಬಳಿಯ ಮಣ್ಣಿನಲ್ಲಿ ಮಾಣಿಕ್ಯದಂಥ ಕೆಂಪು ಬಣ್ಣವನ್ನು ಒಸರುವ ಒಂದು ಜೀವಿ ಸಿಕ್ಕಿತು. ಮೊದಲು ಡೌನೋರೂಬಿಸಿನ್, ಅನಂತರ 1960ರ ದಶಕದಲ್ಲಿ ಡಾಕ್ಸೋರೂಬಿಸಿನ್ ಅದರಿಂದ ದೊರೆತವು. ಹತ್ತಿರದ ಏಡ್ರಿಯಾಟಿಕ್ ಕಡಲಿನ ನೆನಪಿಗೆ ಎರಡನೆಯದನ್ನು ಏಡ್ರಿಯಾಮೈಸಿನ್ ಎಂದೂ ಕರೆದರು. ಇದನ್ನು ತೆಗೆದುಕೊಂಡ ಬಳಿಕ ಒಂದೆರಡು ದಿನ ಮೂತ್ರ ಕೆಂಪಾಗಿ ಹೋಗುತ್ತದೆ. ರಕ್ತವೆಂದು ಹೆದರುವವರುಂಟು, ಅದು ಔಷಧಿಯ ಬಣ್ಣ, ಅಷ್ಟೆ.

ಬೇಗ ಬೇಗ ಒಡೆದು ಬೆಳೆಯುವ ಕೋಶಗಳನ್ನು ಈ ಮದ್ದು ಕೊಲ್ಲುತ್ತದೆ. ಕ್ಯಾನ್ಸರಿನ ಕೋಶ ಅಂಥದು, ಕೂದಲ ಬೇರಿನ ಕೋಶವೂ ಅಂಥದು. ಹಾಗಾದರೆ ಗುಂಡಿಗೆಯ ತಂಟೆಗೆ ಏಕೆ ಹೋಗಬೇಕು? ಗುಂಡಿಗೆಯ ಕೋಶಗಳು ಬಹುತೇಕ ಒಡೆಯುವುದೇ ಇಲ್ಲ. ವಿಷಯ ಬೇರೆಯೇ ಇದೆ. ಹಗಲಿರುಳು ದುಡಿಯುವ ಆ ಕೋಶಗಳ ತುಂಬ ಶಕ್ತಿಯನ್ನು ಉರಿಸಿಕೊಡುವ ಸಣ್ಣ ಸಣ್ಣ ಒಲೆಗಳಿವೆ. ಔಷಧಿ ಆ ಒಲೆಗಳನ್ನೇ ಕೆಡಿಸುತ್ತದೆ, ಕೋಶದ ನಡುವಿನ ತಂತುಗಳನ್ನೂ ಕಡಿಯುತ್ತದೆ. ಉದುರಿದ ಕೂದಲು ಮತ್ತೆ ಬಂದೀತು. ಗುಂಡಿಗೆಯಲ್ಲಿ ವರ್ಷಕ್ಕೆ ನೂರಕ್ಕೆ ಒಂದು ಕೋಶ ಹೊಸದಾಗಿ ಹುಟ್ಟುವುದೂ ಕಷ್ಟ. ಸತ್ತ ಕೋಶ ಸತ್ತಂತೆಯೇ.

ಎಷ್ಟು ಔಷಧಿಗೆ ಎಷ್ಟು ಅಪಾಯ? ಈ ಲೆಕ್ಕ 1979ರಲ್ಲಿ ಮೊದಲು ಚೆನ್ನಾಗಿ ಹೊರಬಿತ್ತು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 400 ಮಿಲಿಗ್ರಾಂ ಪಡೆದವರಲ್ಲಿ ನೂರಕ್ಕೆ ಮೂವರಿಗೆ ಗುಂಡಿಗೆ ಸೋತಿತ್ತು. 550ಕ್ಕೆ ಏಳು, 700ಕ್ಕೆ ಹದಿನೆಂಟು. ಅನಂತರದ ಪರಿಶೀಲನೆಗಳು ಅಪಾಯ ಇದಕ್ಕಿಂತ ಹೆಚ್ಚೆಂದೇ ತೋರಿಸಿವೆ. ಎದೆಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡುವುದು ಸಲಕ್ಕೆ 60ರಂತೆ ನಾಲ್ಕು ಸಲ, ಒಟ್ಟು 240. ಮಿತಿಯಿಂದ ಸಾಕಷ್ಟು ಕೆಳಗೇ ಇದೆಯಲ್ಲವೇ? ಸರಿ. ಆದರೆ ಈ ಲೆಕ್ಕ ಒಂದು ವರ್ಷದ್ದಲ್ಲ, ಇಡೀ ಆಯುಷ್ಯದ್ದು. ಹತ್ತು ವರ್ಷದ ಮೇಲೆ ರೋಗ ಮರಳಿ ಬೇರೊಂದು ಊರಿನ ಬೇರೊಬ್ಬ ಡಾಕ್ಟರು ಅದೇ ಔಷಧಿ ಬರೆದರೆ, ಹಳೆಯ 240ನ್ನೂ ಕೂಡಿಸಲೇಬೇಕು. ಕೂಡಿಸುವುದಕ್ಕೆ ಅದು ಎಲ್ಲಾದರೂ ಬರೆದಿರಬೇಕು. ಅಲ್ಲದೆ ಮೊದಲೇ ಬಿ.ಪಿ., ಸಕ್ಕರೆ ಕಾಯಿಲೆ, ಹೃದ್ರೋಗ ಇದ್ದವರಿಗೆ, ವಯಸ್ಸಾದವರಿಗೆ, ಎದೆಯ ಎಡಭಾಗಕ್ಕೆ ವಿಕಿರಣ ಚಿಕಿತ್ಸೆ ಆದವರಿಗೆ ಕಡಿಮೆ ಮೊತ್ತದಲ್ಲೂ ಪೆಟ್ಟು ಬೀಳಬಹುದು.

ಇನ್ನು ಒಳಗಿನಿಂದ ನೋಡುವ ಸಾಧನಕ್ಕೆ ಬರೋಣ. ಜನ ಅದನ್ನು 'ಎಕೋ' ಎನ್ನುತ್ತಾರೆ, ಪ್ರತಿಧ್ವನಿ ಎಂದರ್ಥ. 1871ರಲ್ಲಿ ಮುಂಬಯಿ ಕಡೆಯ ರೈಲು ಹಳಿಯೂ ಮದ್ರಾಸು ಕಡೆಯ ಹಳಿಯೂ ಬಂದು ಕೂಡಿದ್ದು ನಮ್ಮ ರಾಯಚೂರಿನಲ್ಲಿಯೇ. ಇಂದು ರೈಲ್ವೆಯವರು ಹಳಿಯ ಮೇಲೆ ಸಣ್ಣ ತಳ್ಳುಗಾಡಿಯಂಥ ಯಂತ್ರವನ್ನು ನೂಕಿಕೊಂಡು ಹೋಗುವುದನ್ನು ಕೆಲವರು ಕಂಡಿರಬಹುದು. ಕಿವಿಗೆ ಕೇಳಿಸದ ಶಬ್ದವನ್ನು ಅದು ಉಕ್ಕಿನೊಳಕ್ಕೆ ಕಳಿಸುತ್ತದೆ; ಒಳಗೆ ಬಿರುಕಿದ್ದರೆ ಶಬ್ದ ಹಿಂದಿರುಗಿ ಬರುತ್ತದೆ. ಗುಂಡಿಗೆಯ ಎಕೋ ಹುಟ್ಟಿದ್ದು ಇಂಥ ಯಂತ್ರದಿಂದಲೇ. ಸ್ವೀಡನ್ ದೇಶದ ಲುಂಡ್ ಎಂಬ ಊರಿನಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯರೂ ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ 1953ರಲ್ಲಿ ಪಕ್ಕದ ಹಡಗುಕಟ್ಟೆಯಿಂದ ಲೋಹದ ಬಿರುಕು ನೋಡುವ ಯಂತ್ರವನ್ನು ಎರವಲು ತಂದು ಎದೆಯ ಮೇಲಿಟ್ಟು ನೋಡಿದರು. ಅದೇ ವರ್ಷ ಅಕ್ಟೋಬರ್ 29ರಂದು ಬಡಿಯುವ ಗುಂಡಿಗೆಯ ಪ್ರತಿಧ್ವನಿಯನ್ನು ಮೊದಲ ಬಾರಿಗೆ ದಾಖಲಿಸಿದರು. ರೇಡಿಯೋ ಕೇಳುವವರಿಗೆ ಒಂದು ಮಾತು: ಈ ಶಬ್ದ ಸೆಕೆಂಡಿಗೆ ಇಪ್ಪತ್ತರಿಂದ ನಲವತ್ತು ಲಕ್ಷ ಸಲ ಕಂಪಿಸುತ್ತದೆ, ಶಾರ್ಟ್‌ವೇವಿನ ಕೆಳಗಿನ ಆವರ್ತನಗಳಷ್ಟು, ಆದರೆ ಇದು ರೇಡಿಯೋ ಅಲೆಯೂ ಅಲ್ಲ, ಎಕ್ಸ್‌ರೇ ಕಿರಣವೂ ಅಲ್ಲ. ಎಷ್ಟು ಸಲ ಮಾಡಿಸಿದರೂ ಮೈಗೆ ಕೇಡಿಲ್ಲ.

ಎಕೋ ವರದಿಯಲ್ಲಿ ಹತ್ತಾರು ಅಂಕಿಗಳಿರುತ್ತವೆ. ಅವುಗಳಲ್ಲಿ ಒಂದನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು, ಅದನ್ನು ಇ.ಎಫ್. ಎಂದು ಬರೆದಿರುತ್ತಾರೆ. ಗುಂಡಿಗೆಯ ಎಡ ಹೃತ್ಕುಕ್ಷಿಯಲ್ಲಿ 120 ಮಿಲಿಲೀಟರು ರಕ್ತ ತುಂಬಿತೆನ್ನೋಣ; ಒಂದು ಬಡಿತಕ್ಕೆ 72 ಹೊರಗೆ ಹೋಯಿತು. ನೂರಕ್ಕೆ ಅರವತ್ತಾಯಿತು. ಅರವತ್ತು ಎಂದು ಕಂಡು "ಇನ್ನು ನಲವತ್ತು ಪಾಲು ಕೆಟ್ಟಿದೆಯೇ?" ಎಂದು ಮುಖ ಬಾಡಿಸಿಕೊಳ್ಳುವವರಿದ್ದಾರೆ. ಈ ಪರೀಕ್ಷೆಯಲ್ಲಿ ನೂರು ಯಾರಿಗೂ ಬರುವುದಿಲ್ಲ. ಅರವತ್ತು ಬಂದರೆ ಶಾಲೆಯಲ್ಲಿದ್ದಂತೆ ಇಲ್ಲಿಯೂ ಪ್ರಥಮ ದರ್ಜೆಯೇ. ಚಿಕಿತ್ಸೆಗೆ ಮೊದಲಿದ್ದುದಕ್ಕಿಂತ ಹತ್ತು ಅಂಕ ಇಳಿದು ಐವತ್ತರ ಕೆಳಕ್ಕೆ ಬಂದರೆ ಔಷಧಿಯ ಪೆಟ್ಟು ಎಂದು ಹೇಳುತ್ತಾರೆ.

ಇಲ್ಲಿ ಎರಡು ತೊಡಕುಗಳಿವೆ. ಒಂದು, ಮಾಮೂಲು ಎಕೋದಲ್ಲಿ ಈ ಅಂಕಿ ನೋಡುವವರ ಕಣ್ಣಿಗೂ ಯಂತ್ರಕ್ಕೂ ತಕ್ಕಂತೆ ಐದರಿಂದ ಹತ್ತು ಅಂಕದವರೆಗೆ ಆಚೀಚೆ ಆಗುತ್ತದೆ. ಮಾನ್ವಿಯವರು ಒಂದು ಸಲ ರಾಯಚೂರಿನಲ್ಲಿ, ಇನ್ನೊಂದು ಸಲ ಹೈದರಾಬಾದಿನಲ್ಲಿ ಮಾಡಿಸಿದರೆ, 62 ಇದ್ದುದು 55 ಆಯಿತೆಂದಾಗ ಗುಂಡಿಗೆ ಇಳಿಯಿತೋ ಯಂತ್ರ ಬದಲಾಯಿತೋ ಹೇಳುವುದು ಕಷ್ಟ. ಆದುದರಿಂದ ಆದಷ್ಟು ಮಟ್ಟಿಗೆ ಒಂದೇ ಕಡೆ, ಒಂದೇ ಯಂತ್ರದಲ್ಲಿ ಮಾಡಿಸಬೇಕು. ಎರಡನೆಯ ತೊಡಕು ಇನ್ನೂ ದೊಡ್ಡದು. ಹತ್ತು ಆಳು ಕೂಡಿ ಎಳೆಯುವ ತೇರಿನಲ್ಲಿ ಇಬ್ಬರು ಸುಸ್ತಾದರೆ ಉಳಿದ ಎಂಟು ಜನ ಹೆಚ್ಚು ಬಲ ಹಾಕಿ ಎಳೆಯುತ್ತಾರೆ; ತೇರು ನಡೆದೇ ಇರುತ್ತದೆ. ಗುಂಡಿಗೆಯೂ ಹಾಗೆಯೇ. ಇ.ಎಫ್. ಇಳಿಯುವ ಹೊತ್ತಿಗೆ ಎಷ್ಟೋ ಕೋಶಗಳು ಕೈಬಿಟ್ಟಿರುತ್ತವೆ.

ಸುಸ್ತಾದ ಆ ಇಬ್ಬರನ್ನೇ ಹಿಡಿಯುವ ಉಪಾಯ ಈಚಿನದು. ಎಕೋ ಚಿತ್ರದಲ್ಲಿ ಸ್ನಾಯುವಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಒಂದು ನೇಯ್ಗೆ ಕಾಣುತ್ತದೆ. ಗಣಕಯಂತ್ರ ಆ ಚುಕ್ಕೆಗಳ ಬೆನ್ನು ಹತ್ತಿ, ಸ್ನಾಯು ಬಡಿತಕ್ಕೆ ಎಷ್ಟು ಕುಗ್ಗಿತೆಂದು ಅಳೆಯುತ್ತದೆ. ನೂರು ಉದ್ದವಿದ್ದುದು ಎಂಬತ್ತಾದರೆ ಕುಗ್ಗಿದ್ದು ಇಪ್ಪತ್ತು. ವರದಿಯಲ್ಲಿ ಇದನ್ನು ಮೈನಸ್ ಇಪ್ಪತ್ತು ಎಂದು ಬರೆಯುತ್ತಾರೆ. ಮೈನಸ್ ಕಂಡು ಗಾಬರಿಯಾಗಬೇಡಿ, ಕುಗ್ಗಿತೆಂಬುದಕ್ಕೆ ಅದು ಗುರುತು. ಇದಕ್ಕೆ ಸ್ಟ್ರೇನ್ ಎಂದು ಹೆಸರು. ಮೊದಲು ಇಪ್ಪತ್ತಿದ್ದುದು ಹದಿನೇಳಕ್ಕಿಂತ ಕೆಳಗಿಳಿದರೆ, ಇ.ಎಫ್. ಅರವತ್ತೇ ಇದ್ದರೂ ವೈದ್ಯರು ಎಚ್ಚರಗೊಳ್ಳುತ್ತಾರೆ. ಆಗಲೇ ಮಾತ್ರೆ ಶುರು ಮಾಡಬೇಕೋ ಕಾಯಬೇಕೋ ಎಂಬ ಚರ್ಚೆ ತಜ್ಞರಲ್ಲಿ ಮುಗಿದಿಲ್ಲ. ಆದರೆ ಇನ್ನಷ್ಟು ಹತ್ತಿರದಿಂದ ನೋಡಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಜೊತೆಗೆ ಟ್ರೊಪೋನಿನ್ ಎಂಬ ರಕ್ತಪರೀಕ್ಷೆಯೂ ನೆರವಿಗೆ ಬರುತ್ತದೆ. ಎಕೋದಲ್ಲಿ ಚಿತ್ರ ಸ್ಪಷ್ಟವಾಗದಿದ್ದರೆ ಎಂ.ಆರ್.ಐ. ಮಾಡಿಸಬೇಕಾದೀತು.

ಇಷ್ಟು ಮುಂಚೆ ಹಿಡಿದು ಮಾಡುವುದೇನು ಎಂದು ಕೇಳಬಹುದು. ನನಗೆ ಇಡೀ ವಿಷಯದ ತಿರುಳು ಇಲ್ಲಿಯೇ ಇದೆ ಎನಿಸುತ್ತದೆ. ಇಟಲಿಯ ಮಿಲಾನ್ ನಗರದ ಕ್ಯಾನ್ಸರ್ ಸಂಸ್ಥೆಯಲ್ಲಿ ಡೇನಿಯೆಲಾ ಕಾರ್ಡಿನಾಲೆ ಎಂಬ ವೈದ್ಯೆಯೂ ಅವರ ಸಂಗಡಿಗರೂ ಈ ಔಷಧಿ ಪಡೆದವರನ್ನು ವರ್ಷಗಟ್ಟಲೆ ಎಕೋದಿಂದ ಹಿಂಬಾಲಿಸಿದರು. ಔಷಧಿಯಿಂದ ಗುಂಡಿಗೆ ಸೋತವರಲ್ಲಿ, ಚಿಕಿತ್ಸೆ ಮುಗಿದ ಎರಡು ತಿಂಗಳೊಳಗೆ ಗುಂಡಿಗೆಯ ಮಾತ್ರೆ ಶುರುವಾದವರ ಪೈಕಿ ನೂರಕ್ಕೆ ಅರವತ್ತನಾಲ್ಕು ಮಂದಿ ಚೇತರಿಸಿಕೊಂಡರು. ಆರು ತಿಂಗಳು ದಾಟಿದ ಮೇಲೆ ಶುರು ಮಾಡಿದವರಲ್ಲಿ ಪೂರ್ಣ ಚೇತರಿಕೆ ಒಬ್ಬರಿಗೂ ಆಗಲಿಲ್ಲ. ಇದು 2010ರಲ್ಲಿ ಪ್ರಕಟವಾಯಿತು. 2015ರಲ್ಲಿ ಅವರೇ 2625 ಜನರ ಲೆಕ್ಕ ಕೊಟ್ಟರು: ನೂರಕ್ಕೆ ಒಂಬತ್ತು ಮಂದಿಗೆ ಗುಂಡಿಗೆಯ ಪೆಟ್ಟು ಆಗಿತ್ತು, ಅವರಲ್ಲಿ ಬಹುತೇಕ ಎಲ್ಲರಿಗೂ ಅದು ಮೊದಲ ವರ್ಷದಲ್ಲೇ ಎಕೋದಲ್ಲಿ ಕಂಡಿತ್ತು. ಮಾತ್ರೆಗಳೂ ಹೊಸವೇನಲ್ಲ; ಎನಾಲಪ್ರಿಲ್, ಕಾರ್ವೆಡಿಲಾಲ್, ನಮ್ಮ ಊರಿನ ಔಷಧಿ ಅಂಗಡಿಗಳಲ್ಲೂ ಸಿಗುವಂಥವೇ. ನಮ್ಮ ದೇವದುರ್ಗದ ತಾಯಿ ಮೆಟ್ಟಿಲ ಮೇಲೆ ನಿಂತದ್ದು ಏಳೆಂಟು ತಿಂಗಳಿಗೆ.

ಎಲ್ಲ ಔಷಧಿಗಳ ಗುಣವೂ ಒಂದೇ ಅಲ್ಲ. ಎದೆಯ ಕ್ಯಾನ್ಸರಿನ ಒಂದು ಬಗೆಗೆ ಟ್ರಾಸ್ಟುಜುಮಾಬ್ ಎಂಬುದನ್ನು ಒಂದು ವರ್ಷ ಕೊಡುತ್ತಾರೆ. ಮೊದಲು ಹೊರದೇಶದಿಂದ ಬರುತ್ತಿತ್ತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ತಾನೇ ತಯಾರಿಸಿ ಮಾರಾಟಕ್ಕೆ ತಂದಿತು. ಇದೂ ಗುಂಡಿಗೆಯನ್ನು ಸೋಲಿಸಬಹುದು, ಆದರೆ ನಿಲ್ಲಿಸಿದರೆ ಸಾಮಾನ್ಯವಾಗಿ ಗುಂಡಿಗೆ ಮತ್ತೆ ಎದ್ದು ನಿಲ್ಲುತ್ತದೆ. ಹೀಗಾಗಿ ಇದು ನಡೆಯುವಾಗ ಮೂರು ತಿಂಗಳಿಗೊಮ್ಮೆ ಎಕೋ ಬೇಕು. ಕೆಂಪು ಔಷಧಿಯದು ಬೇರೆ ರೀತಿ. ಯೂರೋಪಿನ ಹೃದ್ರೋಗ ತಜ್ಞರ ಸಂಘ 2022ರಲ್ಲಿ ಹೇಳಿರುವಂತೆ ಮೊದಲ ಬಾಟಲಿಗೆ ಮುಂಚೆ ಒಂದು ಎಕೋ, ಎಲ್ಲ ಮುಗಿದು ಹನ್ನೆರಡು ತಿಂಗಳೊಳಗೆ ಇನ್ನೊಂದು. ಅಪಾಯ ಹೆಚ್ಚಿರುವವರಿಗೆ ನಡುವೆಯೂ ಆಗಬೇಕು. ಮೊದಲಿನದನ್ನು ಬಿಟ್ಟರೆ ಅನಂತರದ್ದನ್ನು ಯಾವುದಕ್ಕೆ ಹೋಲಿಸುವುದು?

ನಮ್ಮ ಸೀಮೆಯವರ ಕಷ್ಟ ಇರುವುದು ದಾರಿಯಲ್ಲಿ. ಮಾನ್ವಿಯಾಗಲಿ ದೇವದುರ್ಗವಾಗಲಿ ರಾಯಚೂರಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಕೆಲವರು ರಾತ್ರಿಯ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿಗೆ ಹೋಗುತ್ತಾರೆ, ಕೆಲವರು ಕಲಬುರಗಿಯಲ್ಲಿರುವ ಅದರ ಕೇಂದ್ರಕ್ಕೆ, ಕೆಲವರು ಹೈದರಾಬಾದಿಗೆ. ನಿಜಾಮರ ಕಾಲದಿಂದ ದೊಡ್ಡ ಕಾಯಿಲೆಗೆ ಹೈದರಾಬಾದೆಂಬ ರೂಢಿ ಇನ್ನೂ ಬಿಟ್ಟಿಲ್ಲ. ಗುಂಡಿಗೆಗೆ ಜಯದೇವ ಸಂಸ್ಥೆಯ ಹೊಸ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ತೆರೆದಿದೆ. ಔಷಧಿ ಒಂದು ಊರಿನಲ್ಲಿ, ಎಕೋ ಇನ್ನೊಂದರಲ್ಲಿ, ಜ್ವರ ಬಂದಾಗ ನೋಡುವ ಡಾಕ್ಟರು ಮೂರನೆಯದರಲ್ಲಿ. ಈ ಮೂವರ ನಡುವೆ ಓಡಾಡುವ ಅಂಚೆಯವನೆಂದರೆ ರೋಗಿಯ ಕೈಯಲ್ಲಿರುವ ಕಡತ. ಅದರ ಮೊದಲ ಪುಟದಲ್ಲಿ ಔಷಧಿಯ ಹೆಸರು, ಪ್ರತಿ ಸಲದ ಮೊತ್ತ, ಈವರೆಗಿನ ಒಟ್ಟು, ಪ್ರತಿ ಎಕೋದ ತಾರೀಖು, ಇ.ಎಫ್., ಸ್ಟ್ರೇನ್, ಇಷ್ಟನ್ನು ಡಾಕ್ಟರಿಂದ ಬರೆಸಿಕೊಂಡರೆ ಸಾಕು. ಬರೆದುಕೊಡಿರೆಂದು ಕೇಳಲು ಸಂಕೋಚವೇಕೆ?

ಸಂಕೋಚದ ಮಾತು ಬಂದಿತು. ಎಕೋಗೆ ಎದೆ ತೆರೆದು ಎಡಮಗ್ಗುಲಾಗಿ ಮಲಗಬೇಕು, ತಣ್ಣನೆಯ ಲೇಪ ಹಚ್ಚುತ್ತಾರೆ, ಅರ್ಧ ಗಂಟೆ ಹಿಡಿದೀತು. ಎಡಗಡೆ ಶಸ್ತ್ರಕ್ರಿಯೆಯಾದ ಗಾಯದ ಮೇಲೆ ಒತ್ತಿದರೆ ತುಸು ನೋವು. ಇದೇ ಕಾರಣಕ್ಕೆ ಎರಡನೆಯ ಎಕೋ ತಪ್ಪಿಸುವ ಹೆಂಗಸರುಂಟು; ಬಾಯಿಬಿಟ್ಟು ಹೇಳುವುದಿಲ್ಲ, "ಈಗ ಚಲೋ ಅದೀನಿ" ಎನ್ನುತ್ತಾರೆ. ಹೆಣ್ಣು ಸಹಾಯಕಿಯನ್ನು ಜೊತೆಗಿರಿಸಿರೆಂದು ಕೇಳಬಹುದು, ಮನೆಯ ಮಗಳೋ ಸೊಸೆಯೋ ಒಳಗೆ ನಿಲ್ಲಬಹುದು. ಮೆಟ್ಟಿಲಲ್ಲಿ ದಮ್ಮು, ರಾತ್ರಿ ಮಲಗಿದರೆ ಉಸಿರು ಕಟ್ಟುವುದು, ಸಂಜೆಗೆ ಪಾದ ಊದುವುದು, ಇವುಗಳಲ್ಲಿ ಒಂದು ಕಂಡರೂ ಒಂದು ವರ್ಷದ ತಾರೀಖು ಬರಲೆಂದು ಕಾಯದೆ ಅದೇ ವಾರ ಕಡತ ಹಿಡಿದು ರಾಯಚೂರಿನ ಬಸ್ಸು ಹತ್ತಬೇಕು. ಚಿಕ್ಕಂದಿನಲ್ಲಿ ರಕ್ತದ ಕ್ಯಾನ್ಸರಿಗೆ ಈ ಔಷಧಿ ಪಡೆದು ಬದುಕಿದ ಮಕ್ಕಳು ಈಗ ಬೆಳೆದು ಕೆಲಸಕ್ಕೆ ಹೋಗುತ್ತಿರಬಹುದು, ಮದುವೆಯಾಗಿರಬಹುದು. ಅವರಿಗೂ ಎಕೋ ಬೇಕು, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಬಸಿರಾಗುವ ಮುಂಚೆ. ಬಸಿರಿನಲ್ಲಿ ಗುಂಡಿಗೆಯ ದುಡಿಮೆ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚುತ್ತದೆ. ಆಗ ಹೆರಿಗೆಯ ಡಾಕ್ಟರು ಕೇಳುವುದು ಇಪ್ಪತ್ತು ವರ್ಷ ಹಳೆಯ ಆ ಕಡತವನ್ನೇ.