ಪುಟ ಕಟ್ಟುವ ಕಟ್ಟಳೆ

ಪುಸ್ತಕವೊಂದನ್ನು ಕೈಗೆತ್ತಿಕೊಂಡಾಗ ನಾವು ಓದುವುದು ಅದರಲ್ಲಿರುವ ವಿಷಯವನ್ನು. ಸಾಲುಗಳು ಎಡಬಲದ ಅಂಚಿಗೆ ಸರಿಯಾಗಿ ನಿಂತಿವೆ, ಅಧ್ಯಾಯದ ಹೆಸರು ದಪ್ಪ ಅಕ್ಷರದಲ್ಲಿದೆ, ಅಡಿಟಿಪ್ಪಣಿ ತನ್ನ ಪುಟದ ಅಡಿಯಲ್ಲಿಯೇ ಇದೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಆದರೆ ಈ ಒಪ್ಪ ತಾನಾಗಿ ಬಂದುದಲ್ಲ. ಯಾರೋ ಒಬ್ಬರು ಕುಳಿತು ಪುಟ ಕಟ್ಟಿದ್ದಾರೆ.

ಅಚ್ಚುಮೊಳೆಗಳ ಕಾಲದಲ್ಲಿ ಈ ಕೆಲಸ ಎಷ್ಟು ಕಷ್ಟದ್ದಾಗಿತ್ತೆಂಬುದನ್ನು ಹಿರಿಯರು ಬಲ್ಲರು. ಮೊಳೆ ಜೋಡಿಸುವವನು ಒಂದೊಂದೇ ಅಕ್ಷರವನ್ನು ಮನೆಯಿಂದ ಆರಿಸಿ ಸಾಲು ಮಾಡಬೇಕು. ಸಾಲುಗಳನ್ನು ಸೇರಿಸಿ ಪುಟ ಕಟ್ಟಬೇಕು. ಕರಡು ತಿದ್ದುವಾಗ ಲೇಖಕರು ಇಪ್ಪತ್ತನೆಯ ಪುಟದಲ್ಲಿ ಎರಡು ವಾಕ್ಯ ಸೇರಿಸಿದರೆಂದರೆ ತೀರಿತು. ಮುಂದಿನ ಪುಟಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕು. ವಿಷಯಸೂಚಿಯ ಪುಟಸಂಖ್ಯೆಗಳನ್ನೂ ಬದಲಾಯಿಸಬೇಕು.

ಗಣಕಯಂತ್ರ ಬಂದ ಮೇಲೆ ಈ ಕಷ್ಟ ತೀರಿತೆಂದು ಅನೇಕರ ಭಾವನೆ. ಪೂರ್ತಿ ತೀರಲಿಲ್ಲ. ಇಂದಿಗೂ ಎಷ್ಟೋ ಕಡೆ ಗಣಕದ ಮುಂದೆ ಕುಳಿತವರು ಇನ್ನೂರು ಶೀರ್ಷಿಕೆಗಳನ್ನು ಒಂದೊಂದಾಗಿ ಹುಡುಕಿ ದಪ್ಪ ಮಾಡುತ್ತಾರೆ. ಇದು ಮೊಳೆ ಜೋಡಿಸುವವನ ದುಡಿಮೆಯೇ. ಸಲಕರಣೆ ಮಾತ್ರ ಬೇರೆ. ನಿಜವಾದ ಬಿಡುಗಡೆ ಬರುವುದು ಆ ಕೆಲಸವನ್ನು ಯಂತ್ರಕ್ಕೆ ಒಮ್ಮೆ ಹೇಳಿಕೊಟ್ಟಾಗ. ಹಾಗೆ ಹೇಳಿಕೊಡುವ ಆಜ್ಞೆಗಳ ಪಟ್ಟಿಗೆ ಸ್ಕ್ರಿಪ್ಟ್ ಎಂದು ಹೆಸರು. ರೇಡಿಯೋ ನಾಟಕದ ಸ್ಕ್ರಿಪ್ಟಿನಲ್ಲಿ ಯಾರು ಯಾವಾಗ ಏನು ಹೇಳಬೇಕೆಂದು ಬರೆದಿರುವಂತೆ, ಇದರಲ್ಲಿ ಯಂತ್ರವು ಎಲ್ಲಿ ಏನು ಮಾಡಬೇಕೆಂದು ಬರೆದಿರುತ್ತದೆ.

ಈ ಆಲೋಚನೆ ಹಳೆಯದು. ೧೯೬೪ರಲ್ಲಿಯೇ ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಜೆರೋಮ್ ಸಾಲ್ಟ್ಜರ್ ಎಂಬುವರು ‘ರನ್‌ಆಫ್’ ಎಂಬ ಕ್ರಮವಿಧಿಯನ್ನು ರಚಿಸಿದರು. ಅದರ ಉಪಾಯ ಬಹು ಸರಳ. ಚುಕ್ಕಿಯಿಂದ ಆರಂಭವಾಗುವ ಸಾಲು ಲೇಖನದ ಭಾಗವಲ್ಲ, ಯಂತ್ರಕ್ಕೆ ಕೊಟ್ಟ ಅಪ್ಪಣೆ. ಇಲ್ಲಿ ಒಂದು ಸಾಲು ಬಿಡು, ಇದನ್ನು ನಡುವೆ ನಿಲ್ಲಿಸು, ಇಲ್ಲಿಂದ ಹೊಸ ಪುಟ ತೆಗೆ, ಇಂಥ ಅಪ್ಪಣೆಗಳು. ಮುಂದೆ ೧೯೭೧ರ ಸುಮಾರಿಗೆ ಬೆಲ್ ಪ್ರಯೋಗಾಲಯದವರು ತಮ್ಮ ಯುನಿಕ್ಸ್ ವ್ಯವಸ್ಥೆಯನ್ನು ಮೊದಲು ಒಪ್ಪಿಸಿದ್ದು ಅಲ್ಲಿಯ ಪೇಟೆಂಟ್ ವಿಭಾಗದ ಬೆರಳಚ್ಚಿನ ಕೆಲಸಕ್ಕೆ. ಪೇಟೆಂಟ್ ಅರ್ಜಿಯ ಪುಟಗಳಲ್ಲಿ ಸಾಲುಗಳಿಗೆ ಸಂಖ್ಯೆ ಬೇಕು. ಒಂದು ಪದ ತಿದ್ದಿದರೂ ಸಂಖ್ಯೆಗಳು ಸರಿಯುತ್ತವೆ. ಆ ಲೆಕ್ಕವನ್ನು ಯಂತ್ರವೇ ನೋಡಿಕೊಂಡಿತು. ೧೯೭೩ರಲ್ಲಿ ಅಲ್ಲಿಯೇ ಜೋ ಒಸ್ಸಾನ್ನಾ ಅವರು ಬರೆದ ‘ಟ್ರಾಫ್’ ಛಾಯಾಕ್ಷರ ಜೋಡಣೆಯ ಯಂತ್ರವನ್ನು ಇದೇ ಬಗೆಯ ಅಪ್ಪಣೆಗಳಿಂದ ನಡೆಸಿತು.

೧೯೭೭ರಲ್ಲಿ ಇನ್ನೊಂದು ಸ್ವಾರಸ್ಯಕರ ಸಂಗತಿ ನಡೆಯಿತು. ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಕ್ನೂತ್ ಅವರ ಗ್ರಂಥದ ಎರಡನೆಯ ಸಂಪುಟ ಮರುಮುದ್ರಣಕ್ಕೆ ಹೋಗಿತ್ತು. ಹೊಸ ಛಾಯಾಕ್ಷರ ವಿಧಾನದಲ್ಲಿ ಬಂದ ಕರಡು ಹಳೆಯ ಸೀಸದಚ್ಚಿನ ಅಂದಕ್ಕೆ ಸಾಟಿಯಾಗಿರಲಿಲ್ಲ. ಗಣಿತದ ಸೂತ್ರಗಳಿಂದ ತುಂಬಿದ ಗ್ರಂಥವದು. ಕ್ನೂತ್ ಅವರು ಬೇರೆ ಕೆಲಸವನ್ನು ಬದಿಗಿಟ್ಟು, ಪುಟ ಕಟ್ಟುವ ಕ್ರಮವಿಧಿಯನ್ನು ತಾವೇ ರಚಿಸತೊಡಗಿದರು. ಅದೇ ‘ಟೆಕ್’. ಅಲ್ಪಕಾಲದಲ್ಲಿ ಮುಗಿಯುವುದೆಂದು ಎಣಿಸಿದ ಕೆಲಸ ಹತ್ತು ವರ್ಷಕ್ಕೂ ಮಿಕ್ಕಿ ನಡೆಯಿತು. ಅದನ್ನು ಅವರು ಎಲ್ಲರಿಗೂ ಬೆಲೆಯಿಲ್ಲದೆ ಕೊಟ್ಟರು.

ಟೆಕ್ಕಿನ ಒಂದು ಗುಣವನ್ನು ನೋಡೋಣ. ಸಾಮಾನ್ಯವಾಗಿ ಯಂತ್ರವು ಸಾಲು ತುಂಬುವವರೆಗೆ ಪದಗಳನ್ನು ಇಟ್ಟು, ಹಿಡಿಸದ ಪದವನ್ನು ಕೆಳಕ್ಕೆ ತಳ್ಳುತ್ತದೆ. ನಮ್ಮ ಕನ್ನಡದಲ್ಲಿ ಪದಗಳು ಉದ್ದ. ಆದ್ದರಿಂದ ಕಿರಿದಾದ ಅಂಕಣದಲ್ಲಿ ಪದಗಳ ನಡುವೆ ಕಿಟಕಿ ತೆರೆದಂತೆ ಜಾಗ ಉಳಿಯುತ್ತದೆ. ೧೯೮೧ರಲ್ಲಿ ಕ್ನೂತ್ ಮತ್ತು ಮೈಕೆಲ್ ಪ್ಲಾಸ್ ಅವರು ಪ್ರಕಟಿಸಿದ ವಿಧಾನ ಹಾಗಲ್ಲ. ಅದು ಇಡೀ ಪ್ಯಾರಾವನ್ನು ಒಟ್ಟಿಗೆ ನೋಡುತ್ತದೆ. ಪ್ರತಿ ಸಾಲಿನ ಬಿಗಿತ ಸಡಿಲಗಳಿಗೆ ಇಷ್ಟಿಷ್ಟು ಕುಂದು ಎಂದು ಅಂಕ ಹಾಕಿ, ಒಟ್ಟು ಕುಂದು ಅತಿ ಕಡಿಮೆಯಾಗುವಂತೆ ಸಾಲುಗಳನ್ನು ಮುರಿಯುತ್ತದೆ. ನುರಿತ ಕೈಯ ವಿವೇಕವನ್ನು ಲೆಕ್ಕವಾಗಿ ಬರೆದಿಟ್ಟಂತಾಯಿತು.

ಇದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಅವರು ೧೯೮೦ರ ದಶಕದಲ್ಲಿ ‘ಲೇಟೆಕ್’ ಅನ್ನು ಕಟ್ಟಿದರು. ಅದರ ನೀತಿಯನ್ನು ಮನೆಯವರೆಲ್ಲ ತಿಳಿಯಬಹುದು. ಬರೆಯುವಾಗ ‘ಇದು ದಪ್ಪ ಅಕ್ಷರ’ ಎನ್ನಬೇಡಿ. ‘ಇದು ಅಧ್ಯಾಯದ ಹೆಸರು’ ಎನ್ನಿ. ಅಧ್ಯಾಯದ ಹೆಸರು ಹೇಗೆ ಕಾಣಬೇಕೆಂಬುದನ್ನು ಬೇರೊಂದು ಕಡೆ ಒಮ್ಮೆ ಬರೆಯಿರಿ. ಆಮೇಲೆ ಮನಸ್ಸು ಬದಲಾದರೆ ಒಂದು ಸಾಲು ತಿದ್ದಿದರೆ ಸಾಕು. ಇನ್ನೂರು ಶೀರ್ಷಿಕೆಗಳೂ ಬದಲಾಗುತ್ತವೆ, ವಿಷಯಸೂಚಿಯೂ ತಾನೇ ಸರಿಹೋಗುತ್ತದೆ.

ಇಷ್ಟು ಕೇಳಿದ ಮೇಲೆ ಇನ್ನು ಮನುಷ್ಯನ ಕಣ್ಣಿಗೆ ಕೆಲಸವಿಲ್ಲ ಎನಿಸಬಹುದು. ಹಾಗೆ ಎನಿಸುವಲ್ಲಿಯೇ ಅಪಾಯವಿದೆ. ಕನ್ನಡದ್ದೇ ಒಂದು ಉದಾಹರಣೆ ನೋಡಿ. ಅಂಕಿಯಲ್ಲಿ ಬರುವುದೂ ಸೊನ್ನೆ, ‘ಬಂಗಾರ’ ಎಂಬಲ್ಲಿ ಬರುವ ಬಿಂದುವೂ ಸೊನ್ನೆ. ಕಣ್ಣಿಗೆ ಎರಡೂ ಒಂದೇ ಉಂಗುರ. ಯಂತ್ರಕ್ಕೆ ಬೇರೆ ಬೇರೆ. ಅವಸರದಲ್ಲಿ ಬಿಂದುವಿನ ಬದಲು ಅಂಕಿಯನ್ನು ಒತ್ತಿದವರ ಬರಹದಲ್ಲಿ ‘ಬಂಗಾರ’ ಎಂದು ಹುಡುಕಿದರೆ ಸಿಕ್ಕುವುದಿಲ್ಲ. ಇದನ್ನು ಸರಿಪಡಿಸಲು ‘ಅಂಕಿಯ ಸೊನ್ನೆಯನ್ನೆಲ್ಲ ಬಿಂದು ಮಾಡು’ ಎಂದು ಅಪ್ಪಣೆ ಕೊಟ್ಟಿರೋ, ‘೧೦೦ ರೂಪಾಯಿ’ಯ ಸೊನ್ನೆಗಳೂ ಬಿಂದುಗಳಾಗುತ್ತವೆ. ಕಾಗದದ ಮೇಲೆ ನೂರು ನೂರಾಗಿಯೇ ಕಾಣುತ್ತದೆ. ಕೂಡಲು ಹೋದಾಗ ಲೆಕ್ಕ ಕೆಡುತ್ತದೆ. ‘ಅಕ್ಷರದ ಹಿಂದೆಯೇ ಬಂದ ಸೊನ್ನೆಯನ್ನು ಬದಲಿಸು, ಅಂಕಿಯ ಹಿಂದೆ ಬಂದುದನ್ನು ಬಿಡು’ ಎಂಬ ವಿವೇಚನೆ ಅಪ್ಪಣೆಯಲ್ಲಿಯೇ ಇರಬೇಕು. ಅದು ಕನ್ನಡ ಬಲ್ಲವರಿಂದ ಮಾತ್ರ ಬರುವುದು.

ಇದಕ್ಕಿಂತ ದೊಡ್ಡ ಕೆಲಸವೂ ನಮ್ಮ ಮುಂದಿದೆ. ಯುನಿಕೋಡ್ ಎಂಬ ಸಾರ್ವತ್ರಿಕ ಸಂಕೇತಕ್ರಮದಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆಯಿತು. ಆದರೆ ಅದರ ನಂತರವೂ ಬಹುಕಾಲ ನಮ್ಮ ಪುಸ್ತಕಗಳು ಆಯಾ ಅಕ್ಷರವಿನ್ಯಾಸಕ್ಕೆ ಕಟ್ಟುಬಿದ್ದ ಸಂಕೇತಗಳಲ್ಲಿಯೇ ಸಿದ್ಧವಾದವು. ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಅವು ಅರ್ಥವಿಲ್ಲದ ಗುರುತುಗಳ ರಾಶಿ. ಅವನ್ನು ಹೊಸ ಕ್ರಮಕ್ಕೆ ತರುವುದೂ ಸ್ಕ್ರಿಪ್ಟುಗಳೇ. ಆದರೆ ಸಂಕೇತಕ್ಕೆ ಸಂಕೇತ ಬದಲಿಸಿದರೆ ಸಾಲದು. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ಕಣ್ಣಿಗೆ ಕಡೆಯಲ್ಲಿ ಬರುತ್ತದೆ; ಹಳೆಯ ಕ್ರಮದಲ್ಲಿ ಅದನ್ನು ಹಾಗೆಯೇ ಕಡೆಯಲ್ಲಿ ಇಡುತ್ತಿದ್ದರು. ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮ. ರಕಾರ ಮೊದಲು, ಯಕಾರ ಆಮೇಲೆ. ಇದನ್ನು ಅರಿಯದ ಸ್ಕ್ರಿಪ್ಟು ಗ್ರಂಥದುದ್ದಕ್ಕೂ ಸೂರ್ಯನನ್ನೂ ಧರ್ಮವನ್ನೂ ಕೆಡಿಸುತ್ತದೆ. ಕೈ ತಪ್ಪಿದರೆ ಒಂದು ಕಡೆ ತಪ್ಪು; ಕಟ್ಟಳೆ ತಪ್ಪಿದರೆ ಎಲ್ಲ ಕಡೆಯೂ ತಪ್ಪು.

ಆದುದರಿಂದ ಸಂಘದ ವಾರ್ಷಿಕ ವರದಿಯನ್ನೋ ಮನೆತನದ ವಂಶಾವಳಿಯನ್ನೋ ಅಚ್ಚುಮಾಡಿಸುವವರು ಮೂರು ಮಾತುಗಳನ್ನು ನೆನಪಿಡುವುದು ಒಳ್ಳೆಯದು. ಮೂಲಪ್ರತಿಯನ್ನು ಮುಟ್ಟದೆ ಬೇರೆ ತೆಗೆದಿಡಿ. ಅಪ್ಪಣೆಯನ್ನು ಮೊದಲು ನಾಲ್ಕು ಪುಟಗಳ ಮೇಲೆ ಪರೀಕ್ಷಿಸಿ. ಎಲ್ಲ ಮುಗಿದ ಮೇಲೆ ಕರಡನ್ನು ಒಬ್ಬರು ಕುಳಿತು ಓದಲಿ. ಇನ್ನೂರು ಶೀರ್ಷಿಕೆಗಳನ್ನು ದಪ್ಪ ಮಾಡುತ್ತ ಕಳೆಯುತ್ತಿದ್ದ ಹೊತ್ತು ಹೀಗೆ ಓದುವುದಕ್ಕೆ ಒದಗಿದರೆ ಯಂತ್ರವನ್ನು ದುಡಿಸಿದ್ದು ಸಾರ್ಥಕವಾಗುತ್ತದೆ.