ಮನೆಯ ಕಂಪ್ಯೂಟರಿನಲ್ಲಿ ನಾಲ್ಕು ಸಲಕರಣೆಗಳು

ನಾನು ಮೆಟ್ರಿಕ್ ಓದಿದವನು. ಹಿಂದೂಪುರದಲ್ಲಿ ಮನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದೆ. ಲೆಡ್ಜರ್ ಪುಸ್ತಕವನ್ನು ಎರಡು ಕೈಯಲ್ಲಿ ಎತ್ತಿ ಮೇಜಿನ ಮೇಲಿಡುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದವನು, ಕಂಪ್ಯೂಟರಿನ ಮುಂದಿನಿಂದ ಎದ್ದು ಮನೆಗೆ ಬಂದೆ. ಆದ್ದರಿಂದ ಇಂದು ನಾನು ಹೇಳುವುದು ಎಂಜಿನಿಯರ ಮಾತಲ್ಲ, ಬಳಸುವವನ ಮಾತು. ನಾನು ದಿನವೂ ಮುಟ್ಟುವ ನಾಲ್ಕು ಸಲಕರಣೆಗಳ ಪರಿಚಯ ಮಾಡಿಕೊಡುತ್ತೇನೆ. ಯಾವುದಕ್ಕೂ ಬೇರೆಯಾಗಿ ಒಂದು ಪೈಸೆ ಕೊಟ್ಟಿಲ್ಲ.

ಮೊದಲನೆಯದು ಲೆಕ್ಕದ್ದು. ಅದರ ಹೆಸರು ಲಿಬ್ರೆ ಆಫೀಸ್ ಕ್ಯಾಲ್ಕ್. 2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದು ಬಂದ ಉಚಿತ ತಂತ್ರಾಂಶದ ಒಂದು ಭಾಗ. ಕಡಲೆಕಾಯಿ ಬಿತ್ತನೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕೂಲಿ, ಎಲ್ಲವನ್ನೂ ಒಂದರ ಕೆಳಗೊಂದು ಬರೆಯುತ್ತೇನೆ. ನಡುವಿನ ಒಂದು ಅಂಕಿ ತಿದ್ದಿದರೆ ಕೆಳಗಿನ ಮೊತ್ತ ತಾನಾಗಿಯೇ ತಿದ್ದಿಕೊಳ್ಳುತ್ತದೆ. ಬ್ಯಾಂಕಿನಲ್ಲಿ ಲೆಕ್ಕ ಟ್ಯಾಲಿ ಆಗದೆ ರಾತ್ರಿಯವರೆಗೆ ಕೂತದ್ದುಂಟು. ವ್ಯತ್ಯಾಸ ಒಂಬತ್ತರಿಂದ ಸರಿಯಾಗಿ ಭಾಗವಾದರೆ, ಯಾರೋ 54 ಎಂಬುದನ್ನು 45 ಎಂದು ಬರೆದಿರಬಹುದು ಎಂದು ಹುಡುಕುತ್ತಿದ್ದೆವು. ಕಂಪ್ಯೂಟರ್ ಕೂಡುವುದರಲ್ಲಿ ತಪ್ಪುವುದಿಲ್ಲ. ಆದರೆ ನೀವೇ 54ಕ್ಕೆ 45 ಹೊಡೆದರೆ ಅದನ್ನೂ ಚೆನ್ನಾಗಿಯೇ ಕೂಡಿ ಕೊಡುತ್ತದೆ. ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಇನ್ನೊಮ್ಮೆ ನೋಡುವ ಅಭ್ಯಾಸ ಬಿಡಬೇಡಿ.

ಉಳಿದ ಮೂರನ್ನು ಹೇಳಬೇಕಾದರೆ ನನ್ನ ಮನೆಯ ಒಂದು ವಿಷಯ ಹೇಳಲೇಬೇಕು.

ನನ್ನ ತಂಗಿಯನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದೆ. ಒಂದೇ ಜಿಲ್ಲೆಯಲ್ಲಿದ್ದ ಅಣ್ಣ ತಂಗಿ, 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮೇಲೆ ಎರಡು ಜಿಲ್ಲೆಯವರಾದೆವು. ನಮ್ಮಮ್ಮ ರಾಗಿ ಬೀಸುವಾಗ ಹೇಳುತ್ತಿದ್ದ ಪದಗಳನ್ನು ಎಂಬತ್ತರ ದಶಕದಲ್ಲಿ ಒಂದು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದೆ. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ನಾನು ಮುರಿದಿರಲಿಲ್ಲ. ಮುಂದೊಂದು ದಿನ ಖಾಲಿ ಕ್ಯಾಸೆಟ್ಟು ಎಂದುಕೊಂಡು ಒಂದು ಬದಿಗೆ ಸಿನಿಮಾ ಹಾಡು ತುಂಬಿಸಿದೆ. ಅರ್ಧ ಗಂಟೆಯ ಅಮ್ಮನ ದನಿ ಹೋಯಿತು. ತಪ್ಪು ನನ್ನದೇ. ತಂಗಿ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಅಮ್ಮ ತೀರಿಕೊಂಡ ಮೇಲೆ ಉಳಿದದ್ದು ಇನ್ನೊಂದು ಬದಿ ಮಾತ್ರ.

ಅದನ್ನು ಉಳಿಸಿಕೊಟ್ಟದ್ದು ಎರಡನೆಯ ಸಲಕರಣೆ, ಆಡಾಸಿಟಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ 2000ರಲ್ಲಿ ಹೊರಬಂದದ್ದು. ಟೇಪ್ ರೆಕಾರ್ಡರಿನ ಇಯರ್‌ಫೋನ್ ಕಿಂಡಿಯಿಂದ ಕಂಪ್ಯೂಟರಿನ ಹಿಂಬದಿಯ ನೀಲಿ ಕಿಂಡಿಗೆ ಒಂದು ತಂತಿ ಹಾಕಿ, ಕ್ಯಾಸೆಟ್ ಓಡಿಸಿದೆ. ಹಾಡು ಶುರುವಾಗುವ ಮೊದಲು ಬರೀ ಟೇಪಿನ ಸುಯ್ಯೆನ್ನುವ ಸದ್ದು ಇರುತ್ತದಲ್ಲ, ಆ ತುಂಡನ್ನು ಆಡಾಸಿಟಿಗೆ ಗುರುತು ಮಾಡಿ ತೋರಿಸಿದರೆ, ಅದೇ ಸದ್ದನ್ನು ಇಡೀ ಹಾಡಿನಿಂದ ತಗ್ಗಿಸುತ್ತದೆ. ಅತಿಯಾಗಿ ತಗ್ಗಿಸಿದರೆ ದನಿ ತಗಡಿನಂತಾಗುತ್ತದೆ, ಜೋಕೆ. ಕೊನೆಗೆ ಎರಡು ಪ್ರತಿ ಇಡಿ. ವೇವ್ ಎಂಬ ಮೂಲಪ್ರತಿ ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ತಿನ್ನುತ್ತದೆ, ಎಂಪಿ3 ಸುಮಾರು 1 ಎಂಬಿ. ಮೂಲಪ್ರತಿ ಲೆಡ್ಜರಿದ್ದಂತೆ, ಮನೆ ಬಿಟ್ಟು ಹೋಗಬಾರದು. ಎಂಪಿ3 ಪಾಸ್‌ಬುಕ್ಕಿದ್ದಂತೆ, ಊರೂರು ತಿರುಗಲಿ.

ಮೂರನೆಯದು ವಿಎಲ್‌ಸಿ. ಫ್ರಾನ್ಸಿನ ವಿದ್ಯಾರ್ಥಿಗಳ ಕೆಲಸದಿಂದ ಹುಟ್ಟಿದ್ದು. ಹಳೆಯ ಸಿಡಿಯಾಗಲಿ, ಪೆನ್‌ಡ್ರೈವಿನ ಹಾಡಾಗಲಿ, ಬಹುಪಾಲು ಎಲ್ಲವನ್ನೂ ನುಡಿಸುತ್ತದೆ. ಬೆಳಗಿನ ಕಾಫಿಯ ಜೊತೆ ನಾನು ಹಾಡು ಕೇಳುವುದು ಇದರಲ್ಲೇ. ಇದರ ಇನ್ನೊಂದು ಉಪಕಾರವೆಂದರೆ, ಚೌಕ ಆವರಣದ ಎಡ ಚಿಹ್ನೆಯ ಕೀಲಿ ಒತ್ತಿದರೆ ಹಾಡು ನಿಧಾನವಾಗುತ್ತದೆ, ದನಿ ದಪ್ಪಗಾಗುವುದಿಲ್ಲ. ಹೀಗೆ ನಿಧಾನ ಮಾಡಿಕೊಂಡು ಅಮ್ಮನ ಪದಗಳನ್ನು ಬರೆಯಲು ಕೂತೆ. ಒಂದು ಕಡೆ 'ತಾವರೆ' ಎಂದು ಬರೆದಿದ್ದೆ. ತಂಗಿ ಕೇಳಿ, 'ಅಣ್ಣಾ, ಅದು ತಾವರೆ ಅಲ್ಲ, ತವರೂರು. ಅಮ್ಮ ಕಲ್ಲು ತಿರುಗಿಸುವಾಗ ಕೊನೆಯ ಅಕ್ಷರ ನುಂಗುತ್ತಿದ್ದಳು, ಮರೆತೆಯಾ?' ಎಂದಳು. ಮರೆತಿದ್ದೆ.

ನಾಲ್ಕನೆಯದು ಬರೆಯುವುದಕ್ಕೆ ಸಂಬಂಧಿಸಿದ್ದು. ಮೊದಲ ಸಲ ಹಳೆಯ ಬಗೆಯ ಫಾಂಟಿನಲ್ಲಿ ಬರೆದು ಕಲ್ಯಾಣದುರ್ಗಕ್ಕೆ ಕಳಿಸಿದೆ. ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟಿಲ್ಲದೆ, ಎಲ್ಲವೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಂಡವು. ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಈ ಕಷ್ಟವಿಲ್ಲ. ಅದರಲ್ಲಿ ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಖಾತೆ ಸಂಖ್ಯೆ. ತೆಲುಗಿಗೆ 128 ಮನೆ, ಅದಕ್ಕೆ ಅಂಟಿಕೊಂಡೇ ಕನ್ನಡಕ್ಕೆ 128 ಮನೆ. ತೆಲುಗಿನ ಕ ಅಕ್ಷರದ ಸಂಖ್ಯೆ 3093. ಅದಕ್ಕೆ 128 ಕೂಡಿಸಿ, 3221 ಬರುತ್ತದೆ. ಅದೇ ಕನ್ನಡದ ಕ. ನಮ್ಮ ಗಡಿಯ ಊರುಗಳಂತೆಯೇ ಅಕ್ಕಪಕ್ಕದ ಬೀದಿಗಳು!

ವಿಂಡೋಸ್ ಜೊತೆಗೇ ಬರುವ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಎಡಗೈಗೆ ಸ್ವರಗಳು, ಬಲಗೈಗೆ ಹೆಚ್ಚಿನ ವ್ಯಂಜನಗಳು. ಕನ್ನಡದ ಕ ಇರುವ ಕೀಲಿಯಲ್ಲೇ ತೆಲುಗಿನ ಕ. ಒಂದನ್ನು ಕಲಿತರೆ ಎರಡನ್ನೂ ಕಲಿತಂತೆ. ವಿಂಡೋಸ್ ಚಿಹ್ನೆಯ ಕೀಲಿ ಹಿಡಿದು ಸ್ಪೇಸ್ ಪಟ್ಟಿ ಒತ್ತಿದರೆ ಲಿಪಿ ಬದಲಾಗುತ್ತದೆ. ಕನ್ನಡವನ್ನು ಕಂಪ್ಯೂಟರಿಗೆ ತಂದವರಲ್ಲಿ ಕೆ.ಪಿ. ರಾವ್, 1998ರಲ್ಲಿ 'ಬರಹ' ಕೊಟ್ಟ ಶೇಷಾದ್ರಿವಾಸು, 'ನುಡಿ' ತಯಾರಿಸಿದ ಕನ್ನಡ ಗಣಕ ಪರಿಷತ್ತು, ಇವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಎರಡು ಭಾಷೆಯ ನಮ್ಮಂಥವರಿಗೆ ಮಾತ್ರ ಇನ್‌ಸ್ಕ್ರಿಪ್ಟ್ ಹೆಚ್ಚು ಅನುಕೂಲ ಎಂಬುದು ನನ್ನ ಅನುಭವ.

ತಂಗಿಯ ಮೊಮ್ಮಗಳು ಓದಿದ್ದು ತೆಲುಗು ಮಾಧ್ಯಮದಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬರುತ್ತಿರಲಿಲ್ಲ. ಅವಳಿಗಾಗಿ ಅಮ್ಮನ ಪದಗಳನ್ನು ಒಮ್ಮೆ ಕನ್ನಡ ಲಿಪಿಯಲ್ಲಿ, ಇನ್ನೊಮ್ಮೆ ತೆಲುಗು ಲಿಪಿಯಲ್ಲಿ ಬರೆದು ಕೊಟ್ಟೆ. ಬೆರಳು ಒತ್ತಿದ್ದು ಅವೇ ಕೀಲಿಗಳನ್ನು. ಎರಡು ಹಾಳೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ ಅವಳು, 'ತಾತಾ, ತಲೆಕಟ್ಟು ಬೇರೆ, ಅಷ್ಟೇ ಅಲ್ಲವಾ?' ಎಂದಳು. ಅಷ್ಟೇ ಅಲ್ಲ, ಆದರೆ ಶುರು ಮಾಡಲು ಅಷ್ಟು ಸಾಕು. ಈಗ ಕನ್ನಡದ ಹಾಳೆಯನ್ನೇ ಹಿಡಿದು ನಿಧಾನವಾಗಿ ಓದುತ್ತಾಳೆ.

ಕೇಳುಗರೇ, ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಅಂಥ ಕ್ಯಾಸೆಟ್ಟು ಇರಬಹುದು. ಇವತ್ತೇ ಹುಡುಕಿ ತೆಗೆಯಿರಿ. ಮೊದಲು ಬೆನ್ನಿನ ಆ ಚೂರನ್ನು ಮುರಿಯಿರಿ. ಕಂಪ್ಯೂಟರಿನ ಮಾತು ಆಮೇಲೆ.